ಬೇರೆಯವರ ಮಾತು ಮುಗಿಸುತ್ತಿದ್ದ ಕ್ಷೌರಿಕ

ಕಟಿಂಗ್ ಶಾಪಿನ ಯಜಮಾನರಿಗೆ ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಯವರ ಬಾಯಲ್ಲಿ ಅವರು ‘ರೇಡಿಯೋ’. ನಿಜವಾದ ರೇಡಿಯೋಗಾದರೆ ಕಿವಿಯಂಥ ಒಂದು ಗುಂಡಿ ಇರುತ್ತದೆ, ತಿರುಗಿಸಿದರೆ ಸುಮ್ಮನಾಗುತ್ತದೆ, ಇದಕ್ಕೆ ಆ ಸೌಕರ್ಯವೂ ಇಲ್ಲ ಎಂಬುದು ಗಿರಾಕಿಗಳ ಕೊರಗು.

ತಪ್ಪು ಅವರದಲ್ಲ, ಕಸುಬಿನದು. ಗಲ್ಲದವರೆಗೆ ನೊರೆ ಹಚ್ಚಿಸಿಕೊಂಡು, ಗಂಟಲ ಮೇಲೆ ಕತ್ತಿ ಇಟ್ಟುಕೊಂಡು ಕೂತವನು ಏನು ತಾನೇ ಮಾತಾಡಿಯಾನು? ಅವನ ಪಾಲಿನದನ್ನೂ ಇವರೇ ಆಡಬೇಕು. “ಸ್ವಲ್ಪ ಕಿವಿ ಹತ್ರ...” ಎಂದು ಗಿರಾಕಿ ಶುರು ಮಾಡಿದರೆ, “ಕಮ್ಮಿ ಮಾಡ್ಬೇಕು, ಗೊತ್ತಾಯ್ತು ಬಿಡಿ” ಎಂದು ಇವರು ಮುಗಿಸುತ್ತಿದ್ದರು. ಮೂವತ್ತು ವರ್ಷ ಹೀಗೆ ಊರಿನ ಅರ್ಧ ಗಂಡಸರ ಮಾತನ್ನು ಮುಗಿಸಿದ್ದರು. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು. ಎಡವಟ್ಟಾಗಿದ್ದೇ ಅಲ್ಲಿ. ತಾನು ಮನುಷ್ಯರ ಮನಸ್ಸು ಓದಬಲ್ಲವನು ಎಂದು ಅವರಿಗೆ ಖಾತ್ರಿಯಾಗಿಬಿಟ್ಟಿತು.

ಊರಿನಲ್ಲಿ ಒಂದು ತರಬೇತಿ ಕೇಂದ್ರವಿತ್ತು. ಎರಡು ವರ್ಷ ಸೇವೆ ಮಾಡಲು ಹೊರದೇಶಗಳಿಂದ ಬರುವ ಸ್ವಯಂಸೇವಕರು ಮೊದಲ ಮೂರು ತಿಂಗಳು ಯಾವುದಾದರೂ ಮನೆಯಲ್ಲಿದ್ದು ಭಾಷೆ ಕಲಿಯಬೇಕೆಂಬುದು ಅಲ್ಲಿನ ನಿಯಮ. ಈ ಬೀದಿಯಲ್ಲಿ ಚೆನ್ನಾಗಿ ಮಾತಾಡುವ ಮನೆ ಯಾವುದು ಎಂದು ಕೇಂದ್ರದವರು ಕೇಳಿದಾಗ ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು. ಹಾಗೆ ಬಂದವಳು ಇಪ್ಪತ್ತಾರರ ಹುಡುಗಿ, ನರ್ಸು. ಅಂಗಡಿಯ ಮೇಲಿನ ಕೋಣೆಯಲ್ಲಿ ಗೋಡೆಗೆ ಒರಗಿಸಿದ್ದ ಹಳೇ ಕನ್ನಡಿಗಳನ್ನು ಸರಿಸಿ ಮಂಚ ಹಾಕಿಕೊಟ್ಟರು. ವಾರದೊಳಗೆ ಅವಳು ಇವರನ್ನು ಅಪ್ಪ ಎಂದಳು, ಹೆಂಡತಿಯನ್ನು ಅಮ್ಮ ಎಂದಳು. ರೇಡಿಯೋ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅಂದಿನಿಂದ ಅವಳಿಗೆ ಆ ಮನೆಯಲ್ಲಿ ಯಾವ ಕಷ್ಟವೂ ಇರಲಿಲ್ಲ. “ಅಮ್ಮಾ, ನನಗೆ ಬಿಸಿ...” ಎನ್ನುವಷ್ಟರಲ್ಲಿ ಬಿಸಿನೀರು ಬರುತ್ತಿತ್ತು. “ನಾನು ನಾಳೆ...” ಎಂದರೆ, ಬೇಗ ಹೋಗಬೇಕು ಅಷ್ಟೇ ತಾನೇ ಎಂದು ರೇಡಿಯೋ ಮುಗಿಸುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು. ಎರಡು ತಿಂಗಳಲ್ಲಿ ಅವಳು ತಲೆಯಾಡಿಸುವುದರಲ್ಲಿ ಪಂಡಿತೆಯಾದಳು. ನಮ್ಮ ಹುಡುಗಿಗೆ ಈಗ ಭಾಷೆ ನೀರು ಕುಡಿದ ಹಾಗೆ ಎಂದು ರೇಡಿಯೋ ಗಿರಾಕಿಗಳೆದುರು ಹೇಳಿಕೊಂಡರು. ‘ಇಲ್ಲಿ ಭಾಷಾ ತರಬೇತಿಯೂ ಉಂಟು’ ಎಂದು ಅಂಗಡಿಯ ಬೋರ್ಡಿನ ಕೆಳಗೆ ಒಂದು ಸಾಲು ಸೇರಿಸಲು ಎಷ್ಟು ಜಾಗ ಬೇಕಾದೀತೆಂದು ಗೇಣು ಹಾಕಿ ನೋಡಿದ್ದೂ ಉಂಟು.

ತರಬೇತಿ ಮುಗಿಯಲು ಹತ್ತು ದಿನ ಇರುವಾಗ ಪರೀಕ್ಷೆಯ ಮೇಡಂ ಮನೆಗೆ ಬಂದರು. ಹುಡುಗಿ ಬರೆಯುತ್ತಾಳೆ, ಕೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಒಟ್ಟಿಗೆ ಮೂರು ವಾಕ್ಯ ಆಡಲು ಬರುವುದಿಲ್ಲ ಎಂದರು. ಕೊನೆಯ ಪರೀಕ್ಷೆಯಲ್ಲಿ ಇಪ್ಪತ್ತು ನಿಮಿಷ ತಾನಾಗಿ ಮಾತಾಡಬೇಕು. ಆಗದಿದ್ದರೆ ವಾಪಸು ವಿಮಾನ. ಎರಡನೇ ಅವಕಾಶವಿಲ್ಲ. ಹುಡುಗಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಬಾಡಿಗೆ ಕೋಣೆ ಬಿಟ್ಟು ಬಂದವಳು. ವಾಪಸು ಹೋಗಲು ಅವಳಿಗೆ ಊರಿತ್ತು, ಮನೆಯಿರಲಿಲ್ಲ.

ಕೇಂದ್ರದವರ ಪಾಠದ ಕ್ರಮವೇ ಸರಿಯಿಲ್ಲವೆಂದು ರೇಡಿಯೋ ವಿವರಿಸತೊಡಗಿದರು. ಮೇಡಂ ಅವರನ್ನು ಬಿಟ್ಟು ಹುಡುಗಿಯತ್ತ ತಿರುಗಿ, ನಿನ್ನ ಕೆಲಸದ ಬಗ್ಗೆ ಹೇಳು ಎಂದರು.

“ನಾನು... ಆಸ್ಪತ್ರೆಯಲ್ಲಿ...”

“ನರ್ಸು” ಎಂದರು ರೇಡಿಯೋ.

ಮೇಡಂ ಅವರನ್ನೇ ನೋಡಿದರು. “ಯಜಮಾನ್ರೇ, ಈ ಮನೇಲಿ ಇವಳು ಒಂದು ಮಾತನ್ನಾದ್ರೂ ಪೂರ್ತಿ ಆಡಿದ್ದಾಳಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ರೇಡಿಯೋ ತುಟಿ ಮುಟ್ಟಿಕೊಂಡರು. ಉತ್ತರ ಕೊಟ್ಟವರು ಹೆಂಡತಿ. “ಮೂರು ತಿಂಗಳು ಬಿಡಿ ಮೇಡಂ. ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು, ನಾನೇ ಇನ್ನೂ ಆಡಿಲ್ಲ.”

ಅಂದಿನಿಂದ ರೇಡಿಯೋ ಬಂದ್. ಊಟಕ್ಕೆ ಕೂತಾಗ ಬಾಯಲ್ಲಿ ನೀರು ತುಂಬಿಕೊಂಡರು, ಆಮೇಲೆ ಊಟ ಮಾಡುವುದು ಹೇಗೆಂದು ತಿಳಿಯದೆ ನುಂಗಿದರು. ಲವಂಗ ಕಚ್ಚಿಕೊಂಡರು. ಅಂಗಡಿಯಲ್ಲಿ ಗಿರಾಕಿಗಳು ಗಾಬರಿಯಾಗಿ, ಬೀಪಿ ನೋಡಿಸಿಕೊಂಡಿರಾ ಎಂದು ವಿಚಾರಿಸಿದರು.

ಆದರೆ ಸುಮ್ಮನಿದ್ದ ಮಾತ್ರಕ್ಕೆ ಆಗಬೇಕಲ್ಲ. ಹುಡುಗಿ ಮೂರನೆಯ ಪದಕ್ಕೆ ನಿಂತು, ಬಸ್ಸು ಕಾಯುವವಳ ಹಾಗೆ ಅವರ ಮುಖ ನೋಡುತ್ತಿದ್ದಳು. ಬಸ್ಸು ಬರುತ್ತಿರಲಿಲ್ಲ. ಅವಳ ಕಣ್ಣು ತುಂಬುತ್ತಿತ್ತು. ತಾನು ತಿಂದದ್ದು ಅವಳ ಮಾತುಗಳನ್ನಷ್ಟೇ ಅಲ್ಲ, ಅವನ್ನು ಹುಡುಕುವ ಅಭ್ಯಾಸವನ್ನೂ ಎಂದು ರೇಡಿಯೋ ಅವರಿಗೆ ಆಗ ಹೊಳೆಯಿತು. ಮೇಲಿನ ಕೋಣೆಯಲ್ಲಿ ಅವಳು ಬಾಗಿಲು ಹಾಕಿಕೊಂಡು ಗೋಡೆಯ ಜೊತೆ ಮಾತಾಡುವುದು ಅಂಗಡಿಗೆ ಕೇಳುತ್ತಿತ್ತು. ಆ ಮನೆಯಲ್ಲಿ ಪೂರ್ತಿ ಕೇಳಿಸಿಕೊಳ್ಳುತ್ತಿದ್ದದ್ದು ಗೋಡೆ ಒಂದೇ. ಎಂಟನೆಯ ದಿನಕ್ಕೆ ಅವಳು ಗೋಡೆಗೆ ಒಂದೇ ಉಸಿರಿಗೆ ಆರು ವಾಕ್ಯ ಹೇಳಿದಳು. ರೇಡಿಯೋ ಕತ್ತರಿ ಕೆಳಗಿಟ್ಟು ಎಣಿಸಿದರು.

ಪರೀಕ್ಷೆಯ ಬೆಳಿಗ್ಗೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, ನಿಮ್ಮ ಕಾಲಿಗೆ ಬೀಳ್ತೀನಿ, ನೀವು ಹೋಗ್ಬೇಡಿ ರೀ ಎಂದರು. ಬರೀ ಕೂತು ಬರುತ್ತೇನೆ, ಕೂರುವುದಕ್ಕೆ ಬಾಯಿ ಬೇಕಾ ಎಂದು ರೇಡಿಯೋ ಅಂಗಡಿಗೆ ಬೀಗ ಹಾಕಿ ಹೊರಟರು. ಕೇಂದ್ರದ ಜಗಲಿಯಲ್ಲಿ, ತೆರೆದ ಕಿಟಕಿಯ ಕೆಳಗೇ ಬೆಂಚು ಸಿಕ್ಕಿತು. ಗ್ರಹಚಾರ ಎನ್ನುವುದು ಇದಕ್ಕೇ.

ಹದಿನೈದು ನಿಮಿಷ ಅವಳು ತಡವರಿಸುತ್ತಲೇ ಆದರೂ ದಾಟಿದಳು. ಜ್ವರ ಬಂದ ಮಗುವನ್ನು ತಂದ ತಾಯಿಗೆ ಏನು ಹೇಳುತ್ತೀಯ ಎಂದು ಮೇಡಂ ಕೇಳಿದರು.

“ಮೊದಲು... ಮಗುವಿನ ಮೈ... ಒದ್ದೆ ಬಟ್ಟೆಯಲ್ಲಿ...”

ನಿಂತಳು. ಕೋಣೆಯ ಗಡಿಯಾರ ಕೇಳಿಸತೊಡಗಿತು. ರೇಡಿಯೋ ಬೆಂಚಿನ ಅಂಚು ಹಿಡಿದರು. ಹಲ್ಲು ಕಚ್ಚಿದರು. ಮೂವತ್ತು ವರ್ಷದ ಕಸುಬು ಗಂಟಲಿಗೆ ಬಂದು ಕೂತಿತ್ತು.

“ಒರೆಸ್ಬೇಕು.”

ಯಾವ ಮುಠ್ಠಾಳ ಅದು ಎಂದು ರೇಡಿಯೋ ಹಿಂದೆ ತಿರುಗಿ ನೋಡಿದರು. ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಆಮೇಲೆ ಹುಡುಗಿ ಬಾಯಿ ಬಿಡಲಿಲ್ಲ. ಮೇಡಂ ಕಿಟಕಿ ಮುಚ್ಚಿ, ಉಳಿದ ಐದು ನಿಮಿಷವೂ ಕಾದರು. ಕೊನೆಗೆ ಹೊರಗೆ ಬಂದು ರೇಡಿಯೋ ಎದುರು ನಿಂತರು. “ಇನ್ನೈದು ನಿಮಿಷ ಮಾತಾಡಿದ್ರೆ ಸಾಕಿತ್ತು ಯಜಮಾನ್ರೇ. ಈಗ ನಾನೇನಂತ ಬರೀಲಿ?” ಎಂದು ಹೇಳಿ ಅಂಗಳದಲ್ಲಿ ನಿಂತಿದ್ದ ಜೀಪಿನ ಕಡೆ ನಡೆದರು.

ಹುಡುಗಿ ಬಂದಳು. ರೇಡಿಯೋ ಎದ್ದು ಕೈಮುಗಿದರು. “ತಪ್ಪಾಯ್ತು ಮಗಳೇ, ನಾನು...”

“ನೀವು ಮಾತಾಡಬೇಡಿ” ಎಂದಳು ಅವಳು. “ಆ ಮಾತು ನನಗೆ ಗೊತ್ತಿತ್ತು. ನಾನು ಹುಡುಕ್ತಾ ಇದ್ದೆ, ಸಿಗ್ತಿತ್ತು. ನಾನು ಎಲ್ಲಿಗೆ ಹೋದ್ರೂ ನೀವು ಮೊದಲೇ ಹೋಗಿ ಅಲ್ಲಿ ನಿಂತಿರ್ತೀರಿ. ನನ್ನ ಅಮ್ಮನ ವಿಷಯ ನಿಮಗೆ ಹೇಳ್ಬೇಕು ಅಂತ ಎಷ್ಟು ಸಲ ಶುರು ಮಾಡಿದೆ ಗೊತ್ತಾ? ಅಮ್ಮ ನೆನಪಾಗ್ತಿದ್ದಾರೆ ಅಲ್ವಾ, ಫೋನ್ ಮಾಡು, ಅಂದ್ರಿ. ಪ್ರತಿ ಸಲ ಹಾಗೇ ಅಂದ್ರಿ. ಅಮ್ಮ ತೀರಿಹೋಗಿ ಹನ್ನೆರಡು ವರ್ಷ ಆಯ್ತು. ನಾನು ಯಾರಿಗೆ ಫೋನ್ ಮಾಡ್ಲಿ?”

ಹಾಗೆ ಅಂದದ್ದೆಲ್ಲ ರೇಡಿಯೋ ಅವರಿಗೆ ಒಂದೊಂದಾಗಿ ನೆನಪಾಯಿತು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಹುಡುಗಿ ಮಾತಾಡುತ್ತಿದ್ದಾಳೆ. ನಿಲ್ಲದೆ ಮಾತಾಡುತ್ತಿದ್ದಾಳೆ. ಜೀಪು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಚಾಲಕ ಆಗಷ್ಟೇ ಸ್ಟಾರ್ಟ್ ಮಾಡಿದ್ದ. ಮೇಡಂ, ಬನ್ನಿ, ಕೇಳಿ ಎಂದು ಒಂದು ಕೂಗು ಹಾಕಿದರೆ ಸಾಕು. ಹಾಕಬೇಕಾದರೆ ಇವಳ ಮಾತು ಕಡಿಯಬೇಕು. ಅವರು ಬಾಯಿ ಮುಚ್ಚಿಕೊಂಡೇ ಜೀಪಿನತ್ತ ಕೈ ಎತ್ತಿದರು.

“ಕೈ ಇಳಿಸಿ ಅಪ್ಪಾ. ನಾನಿನ್ನೂ ಮುಗಿಸಿಲ್ಲ.”

ಅವರು ಕೈ ಇಳಿಸಿದರು.

ಅವಳು ಅಮ್ಮನ ಕಾಯಿಲೆಯನ್ನು ಹೇಳಿದಳು, ಆಸ್ಪತ್ರೆಯ ಹದಿನೇಳನೇ ಮಂಚವನ್ನು ಹೇಳಿದಳು, ಅಲ್ಲಿನ ಒಬ್ಬ ನರ್ಸು ತನ್ನ ತಲೆ ಬಾಚಿದ್ದನ್ನು ಹೇಳಿದಳು. ಜೀಪು ಹಿಂದಕ್ಕೆ ಬಂದು, ತಿರುಗಿಕೊಂಡು, ಗೇಟು ದಾಟಿತು. ರೇಡಿಯೋ ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಧೈರ್ಯ ಬರಲಿಲ್ಲ. ನಡುವೆ ಒಂದು ಪದಕ್ಕೆ ಅವಳು ನಿಂತಳು. ಅವರಿಗೆ ಅದು ಗೊತ್ತಿತ್ತು. ಅವರು ಕಾದರು. ಅವಳಿಗೆ ಅದು ಸಿಗಲಿಲ್ಲ. ಅದನ್ನು ಅಲ್ಲೇ ಬಿಟ್ಟು ಮುಂದಿನ ಮಾತಿಗೆ ಹೋದಳು.