ಅಪ್ಪ ವಲ್ಲಿ ಹಿಡಿದ ಸಿನಿಮಾ

ನಮ್ಮ ಮನೆಗೆ ಡಿಗ್ರಿ ಬರುವುದು ಸಾಧ್ಯವೇ ಇಲ್ಲ ಎಂದು ಹೇಳಿದವಳು ಶಾಂತಾ ಅತ್ತಿ, ಅಪ್ಪನ ಅಕ್ಕ. ಶಾಂತಾ ಎಂಬುದು ಹೆಸರಿಗೆ ಮಾತ್ರ. ಬಿ.ಎ.ಯ ಇಂಗ್ಲಿಷ್ ಪೇಪರಿಗೆ ನಾನು ಮತ್ತೊಮ್ಮೆ ಕೂಡಬೇಕಾಗಿ ಬಂದಾಗ, ಬೆಳಗಾವಿಯ ಹಿಂದವಾಡಿಯ ತನ್ನ ಮನೆಯಲ್ಲಿ ನನಗೆ ಅವಲಕ್ಕಿ ಕೊಡುತ್ತಲೇ ಅಂದಿದ್ದಳು: "ಸೀರಿ ಉಟ್ಟು ಕುಣಿಯೋ ಗಂಡಸಿನ ಮನ್ಯಾಗ ಡಿಗ್ರಿ? ಬಂದ್ರ ನನ್ನ ಹೆಸರ ತಗದು ಬ್ಯಾರೇದ ಇಡ್ರಿ." ಅವಲಕ್ಕಿಯಲ್ಲಿ ಶೇಂಗಾ ಧಾರಾಳವಾಗಿತ್ತು, ಅದನ್ನೂ ಹೇಳಬೇಕು. ಅತ್ತಿಯ ಬಾಯಿಗೂ ಕೈಗೂ ಎಂದೂ ಹೊಂದಾಣಿಕೆ ಇರಲಿಲ್ಲ.

ಇದೆಲ್ಲ ಇವತ್ತು ಯಾಕೆ ನೆನಪಾಯಿತೆಂದರೆ, ನಾನು ಕೆಲಸ ಮಾಡುವ ಫೌಂಡ್ರಿಯ ಆಫೀಸಿನಲ್ಲಿ ಚಹಾದ ಹೊತ್ತಿಗೆ ಪಕ್ಕದ ಮೇಜಿನ ಗೆಳೆಯ ತನ್ನ ಮೊಬೈಲನ್ನು ನನ್ನ ಮೂಗಿನವರೆಗೂ ತಂದ. "ಇದನ್ನ ನೋಡಿಲ್ಲೇನ? ಹಳೇದೈತಿ, ಆದ್ರ ಹೊಟ್ಟಿ ಹುಣ್ಣಾಗತೈತಿ." ನೋಡಿದೆ. ಬೆಳಗಾವಿಯ ಒಂದು ಟಾಕೀಜಿನ ಬಾಗಿಲು, ಒಂದು ಮೈಕು, ಅದರ ಮುಂದೆ ಹೆಗಲ ಮೇಲೆ ಶಲ್ಯದಂಥ ವಲ್ಲಿ ಹಾಕಿಕೊಂಡ ಒಬ್ಬ ಮುದುಕ. ಕೆಳಗೆ ಯಾರೋ 'ಪಡದಾ ಅಜ್ಜ' ಎಂದು ಬರೆದು ನಗುವ ಮುಖಗಳನ್ನು ಸುರಿದಿದ್ದರು. ಗೆಳೆಯ ನನ್ನ ನಗುವಿಗಾಗಿ ಕಾಯುತ್ತಿದ್ದ. ನನ್ನ ಬಾಯಿಯೊಳಗಿನ ಚಹಾ ಅಲ್ಲೇ ನಿಂತಿತು.

ನಿಮಗೆ ಅಪ್ಪನ ಪರಿಚಯ ಮಾಡಿಕೊಡದೆ ಮುಂದೆ ಹೋಗುವಂತಿಲ್ಲ. ಖಾನಾಪುರದ ಸುತ್ತಿನ ಹಳ್ಳಿಗಳಲ್ಲಿ ಬಯಲಾಟ ಆಡುತ್ತಿದ್ದ ನಮ್ಮೂರ ಮೇಳದಲ್ಲಿ ಅಪ್ಪ ರಾಣಿ. ಒಂದೂರಿಗೆ ಕನ್ನಡದ ರಾಣಿ, ಮುಂದಿನೂರಿಗೆ ಮರಾಠಿಯ ರಾಣಿ. ಸೀರೆ ಅದೇ, ಅಳು ಅದೇ. ಆ ಮೇಳದಲ್ಲಿ ಎರಡು ಕಟ್ಟುಪಾಡುಗಳಿದ್ದವು. ಬಣ್ಣ ಹಚ್ಚಿದವನನ್ನು, ಅದನ್ನು ಒರೆಸುವ ತನಕ ಯಾರೂ ಹೆಸರು ಹಿಡಿದು ಕರೆಯಬಾರದು, ಬಹುವಚನದಲ್ಲೇ ಮಾತಾಡಿಸಬೇಕು. ನಮ್ಮವ್ವ ಕೂಡ ಆಟದ ನಡುವೆ ಅಪ್ಪನಿಗೆ ಚಹಾ ಕೊಡಲು ಹೋದರೆ "ತಗೋರಿ" ಎನ್ನುತ್ತಿದ್ದಳು. ಎರಡನೆಯದು, ವೇಷ ಅರ್ಧವಾದವನನ್ನು ಯಾರೂ ನೋಡಬಾರದು. ವೇಷ ಕಟ್ಟುವುದೂ ಕಳೆಯುವುದೂ ಮರೆಯಲ್ಲಿ. ಆಡುವಾಗಲೇ ಕಟ್ಟುಗೂದಲು ಜಾರಿತು, ಸೆರಗು ಬಿಚ್ಚಿತು ಅನ್ನಿ, ಮುಂದೆ ಕುಳಿತವರಲ್ಲಿ ಯಾರಾದರೂ ಇಬ್ಬರು ಎದ್ದು ತಮ್ಮ ವಲ್ಲಿಯನ್ನೇ ಪಡದಾ, ಅಂದರೆ ಪರದೆ, ಮಾಡಿ ಅಡ್ಡ ಹಿಡಿಯಬೇಕು. ಉಳಿದವರು ನೆಲ ನೋಡಬೇಕು. ನಕ್ಕವನಿಗೆ ಮುಂದಿನ ಆಟದಲ್ಲಿ ಚಾಪೆಯ ಮೇಲೆ ಜಾಗ ಸಿಗುತ್ತಿರಲಿಲ್ಲ.

ಇಷ್ಟು ಮರ್ಯಾದೆ ಮೇಳದಲ್ಲಿ. ಸಾಲೆಯಲ್ಲಿ ಬೇರೆ ಲೆಕ್ಕ. "ನಿಮ್ಮ ಮನ್ಯಾಗ ಇಬ್ಬರು ಸೀರಿ ಉಡತಾರಲ್ಲ, ಅದರಾಗ ನಿಮ್ಮವ್ವ ಯಾರಲೇ?" ಎಂದು ಕೇಳುವವರಿದ್ದರು. ನಾನು ಓದಿದ್ದು ಜ್ಞಾನಕ್ಕಾಗಿ ಎಂದು ಹೇಳಿಕೊಳ್ಳಬೇಕೆಂಬ ಆಸೆ ನನಗೂ ಇದೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆ ಕೇಳುವವರು ಇಲ್ಲದ ಊರಿಗೆ ಹೋಗಲು ಓದಿದೆ. ಹಗಲು ಫೌಂಡ್ರಿಯಲ್ಲಿ ಮಾಲು ಎಣಿಸಿ, ಅನಗೋಳದ ಬಾಡಿಗೆ ಕೋಣೆಯಲ್ಲಿ ನಿದ್ದೆಗೆಟ್ಟು, ಅಂತೂ ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಪದವೀಧರ ನಾನು. ಈ ವಾಕ್ಯವನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸಿಲ್ಲ, ನೀವು ಸಹಿಸಿಕೊಳ್ಳಬೇಕು.

ಘಟಿಕೋತ್ಸವದ ಹಿಂದಿನ ದಿನ ಅಪ್ಪನನ್ನು ಬೆಳಗಾವಿಗೆ ಕರೆಸಿದೆ. ಅಪ್ಪ ಆಗಲೇ ಬಣ್ಣ ಬಿಟ್ಟು ವರ್ಷಗಳಾಗಿದ್ದವು. ಅದೇ ವಾರ ಒಂದು ನಗೆ ಸಿನಿಮಾ ಬಂದಿತ್ತು. ಕಂಪನಿ ಮುಚ್ಚಿಹೋದ ಇಬ್ಬರು ನಾಟಕದವರು ಒಬ್ಬ ಪುಂಡನಿಂದ ತಪ್ಪಿಸಿಕೊಳ್ಳಲು ಹೆಣ್ಣುವೇಷ ಹಾಕಿ ಒಂದು ಮದುವೆ ಮನೆ ಸೇರುವ ಕತೆ. ಅಪ್ಪನಿಗೆ ತನ್ನ ವಿದ್ಯೆಯನ್ನು ಪರದೆಯ ಮೇಲೆ ನೋಡಿ ಸಂತೋಷವಾಗುತ್ತದೆ ಎಂದುಕೊಂಡೆ. ಪದವಿ ಬಂದ ಹೊಸತು, ಬುದ್ಧಿ ಇನ್ನೂ ಬಂದಿರಲಿಲ್ಲ. ಅತ್ತಿಯನ್ನೂ ಕರೆದುಕೊಂಡು ಮ್ಯಾಟಿನಿಗೆ ಹೋದೆವು.

ಅಪ್ಪ ನಕ್ಕಷ್ಟು ಆ ಟಾಕೀಜಿನಲ್ಲಿ ಯಾರೂ ನಗಲಿಲ್ಲ. ತೊಡೆ ತಟ್ಟಿಕೊಂಡು ನಕ್ಕ. "ಅಕ್ಕಾ, ನೋಡ ಆ ಮಗನ ನಡಿಗಿ! ಎಮ್ಮಿ ಕೆಸರಾಗ ಹೊಂಟಂಗ ಹೊಂಟಾನ!" ಅತ್ತಿ "ಸಣ್ಣಗ ಮಾತಾಡೋ" ಎನ್ನುತ್ತ ತಾನೂ ನಕ್ಕಳು. ಆಮೇಲೆ ಅಕ್ಷತೆಯ ದೃಶ್ಯ ಬಂತು. ತುಂಬಿದ ಮಂಟಪದಲ್ಲಿ ನಾಯಕನ ಕಟ್ಟುಗೂದಲು ಜಾರಿ ಪುರೋಹಿತರ ತಟ್ಟೆಯೊಳಗೆ ಬಿತ್ತು. ಪರದೆಯ ತುಂಬ ಅವನ ಬೋಳು ತಲೆ. ಟಾಕೀಜು ಹಾರಿಹೋಗುವಂಥ ನಗೆ. ನಾನೂ ನಕ್ಕೆ.

ಅಪ್ಪ ಎದ್ದು ನಿಂತಿದ್ದ.

"ಪಡದಾ! ಪಡದಾ ಹಿಡೀರ್ರೋ!"

ಮುಖ ಕೆಳಗೆ ಹಾಕಿ, ಹೆಗಲ ವಲ್ಲಿಯನ್ನು ಬಿಡಿಸಿ, ಒಂದು ತುದಿಯನ್ನು ತಾನು ಎತ್ತಿ ಹಿಡಿದು ಇನ್ನೊಂದನ್ನು ಅತ್ತಿಯ ಕಡೆಗೆ ಚಾಚಿದ. ಇಬ್ಬರು ಹಿಡಿಯಬೇಕಲ್ಲ. ಅತ್ತಿ ಹಿಡಿಯಲಿಲ್ಲ. ಎದ್ದು ಎರಡು ಕುರ್ಚಿ ಆಚೆ ಹೋಗಿ ಕುಳಿತಳು. ಆ ತುದಿ ನನ್ನ ಮುಂದೆಯೂ ಬಂತು. ನಾನು ಅಪ್ಪನ ಅಂಗಿ ಹಿಡಿದು ಜಗ್ಗಿದೆ. ಹಿಂದಿನಿಂದ ಯಾರೋ ಕೂಗಿದರು: "ಏ ಅಜ್ಜಾ, ಬಿದ್ದದ್ದು ಅವನ ಕೂದಲ, ನಿಂದಲ್ಲ! ಕುಂದರು!" ಆಗ ಎದ್ದ ನಗೆ ಸಿನಿಮಾದ ನಗೆಗಿಂತ ದೊಡ್ಡದು. ನಾಚಿಕೆಗೆ ಮೈ ಬಿಸಿಯಾಗುತ್ತದೆ ಎನ್ನುತ್ತಾರೆ. ನನ್ನ ಕಾಲು ತಣ್ಣಗಾದವು.

ಹೊರಗೆ ಬಾಗಿಲಲ್ಲಿ ಒಬ್ಬ ಹುಡುಗಿ ಮೈಕು ಹಿಡಿದು ಪ್ರೇಕ್ಷಕರ ಅಭಿಪ್ರಾಯ ಕೇಳುತ್ತಿದ್ದಳು. ಬೆಳಗಾವಿಯವರು ಅಭಿಪ್ರಾಯ ಹೇಳಲು ಹಿಂದೆ ಮುಂದೆ ನೋಡುವವರಲ್ಲ. "ಎರಡನೇ ಅರ್ಧ ಸ್ವಲ್ಪ ಎಳದಾರ್ರೀ, ಆದ್ರ ಪೈಸಾ ವಸೂಲ್" ಎಂದ ಒಬ್ಬ. "ಹೀರೋ ಸೀರ್ಯಾಗ ನನಗಿಂತ ಚಂದ ಕಾಣ್ತಾನ್ರಿ, ಅದಕ್ಕ ಸಿಟ್ಟ ಬಂತು" ಎಂದಳು ಕಾಲೇಜಿನ ಹುಡುಗಿ. ಒಬ್ಬ ಹೆಂಗಸು ಗಂಡನನ್ನು ತೋರಿಸಿ, "ಇವರು ನಕ್ಕದ್ದನ್ನ ಮದುವಿ ಆದ ಮ್ಯಾಲ ಇವತ್ತ ನೋಡೀನ್ರಿ" ಎಂದಳು. ಗಂಡ ಆಗಲೇ ಮುಖ ಬಿಗಿದುಕೊಂಡಿದ್ದ. ಮೈಕು ನನ್ನ ಕಡೆ ಬಂತು. ನಾನು ಪದವೀಧರ. "ಹಾಸ್ಯದ ಮೂಲಕ ಸಮಾಜಕ್ಕೆ ಉತ್ತಮ ಸಂದೇಶ ನೀಡಿದ್ದಾರೆ" ಎಂದೆ. ಆ ಸಿನಿಮಾದಲ್ಲಿ ಸಂದೇಶ ಹುಡುಕಿದರೂ ಸಿಗುವುದಿಲ್ಲ.

ಅಷ್ಟರಲ್ಲಿ ಯಾರೋ, "ಆ ಅಜ್ಜನ್ನ ಕೇಳ್ರಿ, ಖರೇ ಸಿನಿಮಾ ಅವರದೈತಿ!" ಎಂದರು. ಸುತ್ತ ಮೊಬೈಲುಗಳು ಎದ್ದವು. ಅಪ್ಪ ವಲ್ಲಿಯನ್ನು ಸರಿಯಾಗಿ ಮಡಚಿ ಹೆಗಲಿಗೆ ಹಾಕಿಕೊಂಡ.

"ಛಲೋ ಐತ್ರಿ. ಭಾಳ ನಕ್ಕೀನಿ. ಆದ್ರ ಆ ಮನಶ್ಯಾನ ಕೂದಲ ಬಿದ್ದಾಗ, ಇಷ್ಟ ಮಂದಿ ಕುಂತೀರಿ, ಒಬ್ಬರರೆ ಪಡದಾ ಹಿಡೀಲಿಲ್ಲಲ್ರಿ."

ಮೈಕಿನ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಉಳಿದವರು ಅಷ್ಟೂ ಮಾಡಲಿಲ್ಲ. ಆ ಮೊಬೈಲಿನ ತುಣುಕಿನಲ್ಲಿ ಅಪ್ಪನ ಬಲಗಡೆ, ಅಂಚಿನಲ್ಲಿ, ಗೋಡೆಯ ಪೋಸ್ಟರನ್ನು ಬಹಳ ಆಸಕ್ತಿಯಿಂದ ಓದುತ್ತ ನಿಂತವನೊಬ್ಬ ಕಾಣುತ್ತಾನೆ. ಅದು ನಾನು.

ಅಲ್ಲಿಂದ ಅತ್ತಿಯ ಮನೆಗೆ ಹೋದೆವು. ಸಂಜೆಯೊಳಗೆ ಆ ತುಣುಕು ಅವಳ ಸೊಸೆಯ ಮೊಬೈಲಿಗೆ ಬಂತು. ಅತ್ತಿ ಅಡುಗೆಮನೆಯಿಂದಲೇ ಶುರುಮಾಡಿದಳು. "ಓಣ್ಯಾಗ ಹೆಂಗ ಮಾರಿ ತೋರಸ್ಲೋ ತಮ್ಮಾ? ಬಣ್ಣ ಬಿಟ್ರೂ ಬುದ್ಧಿ ಬಿಡಲಿಲ್ಲಲ್ಲ!" ಅಪ್ಪ ಆ ದೃಶ್ಯವನ್ನು ಪೂರ್ತಿ ನೋಡಿ ಮೊಬೈಲನ್ನು ಮೆಲ್ಲಗೆ ಕೆಳಗಿಟ್ಟ. "ಮುಂಜಾನೆ ನನ್ನ ಖಾನಾಪುರದ ಬಸ್ಸಿಗೆ ಹತ್ತಿಸಿ ಬಿಡಪಾ" ಎಂದ ನನಗೆ. "ನಾಳಿ ನಿನ್ನ ಮಂದಿ ಇರತಾರ. ಅಲ್ಲೂ ನನ್ನ ಗುರ್ತ ಹಿಡದ್ರ ನಿನಗ ಛಲೋ ಅಲ್ಲ."

ನಾನು ತಕ್ಷಣ ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಒಳಗೆ ಎಲ್ಲೋ ಹಗುರಾಯಿತು. ಆ ಹಗುರ ಯಾತಕ್ಕೆ ಎಂದು ತಿಳಿದಾಗ, ಟಾಕೀಜಿನೊಳಗಿನ ನಾಚಿಕೆ ಏನೂ ಅಲ್ಲ ಎನಿಸಿತು. ಅಪ್ಪ ತನ್ನ ಚೀಲದ ಬಾಯಿ ಕಟ್ಟುತ್ತಿದ್ದ. ನೇರ ಮಾತು ನನಗೆ ಬರಲಿಲ್ಲ. ಸುತ್ತುಬಳಸಿ ಅಂದೆ: "ಅಪ್ಪಾ, ನಾಳಿ ಅಲ್ಲಿ ಕರೀ ಗೌನು ಹಾಕಾಕ ಹೇಳತಾರ. ಮ್ಯಾಲೊಂದ ಬಣ್ಣದ ಪಟ್ಟಿ. ನಾ ಎಂದೂ ವೇಷ ಹಾಕಿದಾಂವಲ್ಲ. ಕಟ್ಟಾವರ ಬೇಕು."

ಅಪ್ಪನ ಕೈ ಗಂಟಿನ ಮೇಲೆ ನಿಂತಿತು. ಅದನ್ನು ಬಿಚ್ಚಿ, ಅಡುಗೆಮನೆಯ ಕಡೆ ತಿರುಗಿ ಕೇಳಿದ: "ಅಕ್ಕಾ, ಪಿನ್ನ ಅದಾವೇನ?"

ಇವತ್ತು ಚಹಾದ ಮೇಜಿನಲ್ಲಿ ಗೆಳೆಯ ಆ ತುಣುಕನ್ನು ಎರಡನೆಯ ಸಲ ಹಚ್ಚುವವನಿದ್ದ. ಅವನ ಕೈ ಹಿಡಿದು ನಿಲ್ಲಿಸಿದೆ. "ಬಾಜೂಕ ಪೋಸ್ಟರ್ ಓದಕೋತ ನಿಂತಾನಲ್ಲ, ಅವನ್ನ ಸ್ವಲ್ಪ ದೊಡ್ಡದ ಮಾಡಿ ನೋಡು." ನೋಡಿದ. ನನ್ನನ್ನು ನೋಡಿದ. ಮತ್ತೆ ನೋಡಿದ. "ಆ ಅಜ್ಜ ನಮ್ಮಪ್ಪ" ಎಂದೆ. ಪಾಪ, ಅವನ ಮುಖ ನೋಡಬಾರದಾಗಿತ್ತು. "ತಪ್ಪಾತೋ ಮಾರಾಯಾ" ಎಂದ. "ನೀ ನಕ್ಕಿ, ನಾನೂ ಅವತ್ತ ನಕ್ಕೀನಿ. ಆದ್ರ ಇದು ಅರ್ಧಾ ಐತಿ. ಮರುದಿನದ್ದು ಹೇಳ್ತೀನಿ, ಕುಂದರು" ಎಂದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳಿ ಮುಗಿಸುತ್ತೇನೆ.

ಮರುದಿನ ಅತ್ತಿಯೂ ನಮ್ಮ ಜೊತೆ ಬಂದಳು. ಸಭಾಂಗಣದ ಹೊರಗೆ, ಒಂದು ಕಂಬದ ಮರೆಯಲ್ಲಿ ಅಪ್ಪ ನನಗೆ ಗೌನು ಕಟ್ಟಿದ. ಹೆಗಲಿನ ಪಟ್ಟಿಗೆ ಪಿನ್ನು ಚುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಹೂಂ, ನಡೀರಿ. ನಿಮ್ಮ ಪಾಳಿ ಬಂತು" ಎಂದ. ಹುಟ್ಟಿದಾಗಿನಿಂದ ನನ್ನನ್ನು 'ಲೇ' ಎಂದವನು. ಸ್ಟೇಜಿನ ಮೆಟ್ಟಿಲು ಹತ್ತಿದ್ದು, ಪ್ರಮಾಣಪತ್ರ ಕೈಗೆ ಬಂದದ್ದು ನನಗೆ ಸರಿಯಾಗಿ ನೆನಪಿಲ್ಲ. ಆ 'ನಡೀರಿ' ನೆನಪಿದೆ.

ಹೊರಗೆ ಬಂದು, ಜನರ ನಡುವೆಯೇ, ಪ್ರಮಾಣಪತ್ರವನ್ನು ಅಪ್ಪನ ಮುಂದೆ ಹಿಡಿದೆ. ಅಪ್ಪ ಕೈ ಹಿಂದೆ ಕಟ್ಟಿಕೊಂಡ.

"ಮೊದಲ ವೇಷ ಕಳೀರಿ. ಅದನ್ನ ನನ್ನ ಮಗನ ಕೈಲೆ ಇಸಗೊಂತೀನಿ."

ಸುತ್ತ ಬಯಲು. ಕಂಬದ ಬಳಿ ಯಾರೋ ಗುಂಪಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ಹೆಗಲಿನಿಂದ ವಲ್ಲಿ ತೆಗೆದ. ಒಂದು ತುದಿ ತಾನು ಹಿಡಿದು ಸುಮ್ಮನೆ ನಿಂತ. ಈ ಸಲ ಇನ್ನೊಂದು ತುದಿಯನ್ನು ಯಾರ ಕಡೆಗೂ ಚಾಚಲಿಲ್ಲ. ಅದು ನೆಲದ ಮೇಲೆ ಬಿದ್ದಿತ್ತು. ಆಗಲೇ ಒಬ್ಬಿಬ್ಬರು ತಿರುಗಿ ನೋಡಿದ್ದರು. "ಏ, ಪಡದಾ ಅಜ್ಜ!" ಎಂದಿತು ಒಂದು ದನಿ. ಮೊಬೈಲುಗಳು ಎದ್ದವು. ಅತ್ತಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ತನ್ನ ಇಸ್ತ್ರಿ ಮಾಡಿದ ಸೀರೆಯ ನೆರಿಗೆ ನೋಡಿಕೊಂಡಳು. ಆಮೇಲೆ ಬಗ್ಗಿ ಆ ತುದಿಯನ್ನು ಎತ್ತಿಕೊಂಡಳು.

"ಎತ್ತರ ಹಿಡಿಯೋ ತಮ್ಮಾ, ಹುಡುಗನ ತಲಿ ಕಾಣಾಕತ್ತೈತಿ!"

ವಲ್ಲಿಯ ಈಚೆ ನಾನು ಪಿನ್ನು ಬಿಚ್ಚಿದೆ. ಆಚೆ ಯಾರೋ ನಗುತ್ತಿದ್ದರು, ಅದು ಕೇಳಿಸುತ್ತಿತ್ತು, ಕಿವಿ ಬಿಸಿಯಾಗುತ್ತಿತ್ತು. ಬೆವರಿಗೆ ಬೆನ್ನಿಗೆ ಅಂಟಿದ ಹಳೆಯ ಅಂಗಿಯಲ್ಲಿ, ಗೌನನ್ನು ಕಂಕುಳಲ್ಲಿ ಹಿಡಿದು, ಪ್ರಮಾಣಪತ್ರವನ್ನು ವಲ್ಲಿಯ ಮೇಲಿನಿಂದ ಚಾಚಿದೆ. ಅಪ್ಪ ಒಂದೇ ಕೈಯಲ್ಲಿ ಇಸಿದುಕೊಂಡ, ಇನ್ನೊಂದರಲ್ಲಿ ಪರದೆ ಇತ್ತಲ್ಲ. ನೋಡಿದ. "ಮುಗೀತೇನಲೇ?" ಎಂದ.

ಅತ್ತಿ ತನ್ನ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ. ಅದರಲ್ಲೇ ಕಣ್ಣೊರೆಸಿಕೊಂಡು ನನ್ನನ್ನು ಗದರಿಸಿದಳು:

"ಏನ ನೋಡ್ತಿ? ನನಗೊಂದ ಹೆಸರ ಹುಡುಕು. ಛಲೋದ ಇರ್ಲಿ, ಈ ವಯಸ್ಸಿನ್ಯಾಗ ಇಡಾಕತ್ತೀರಿ."