ಎಂಬತ್ತೆರಡು ಗುಡ್ಡೆ ಬಾಡು

ಮುತ್ತವ್ವನ ಬಲಗಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಒಂದು ನಿಂಬೆಹಣ್ಣು ಹಿಡಿಸುವಷ್ಟು ಸಂದು ಇತ್ತು. ಬಾಯಿಗೆ ಬಂದ ಹಾಗೆ ಹೇಳುತ್ತಿಲ್ಲ. ಅವಳು ಮಧ್ಯಾಹ್ನ ಮಲಗಿದ್ದಾಗ ನಾನೇ ಇಟ್ಟು ನೋಡಿದ್ದೇನೆ. ನಿಂಬೆಹಣ್ಣು ನಿಂತಿತು. ನಾನು ನಿಲ್ಲಲಿಲ್ಲ, ಹಿತ್ತಲ ಬೇಲಿ ಹಾರಿ ಓಡಿದೆ.

ಅವಳು ನಮ್ಮಪ್ಪನ ಅಜ್ಜಿ. ತಮಿಳುನಾಡಿನ ಕಂಬಂನಲ್ಲಿದ್ದ ನಮ್ಮ ಮನೆತನದ ಬಾಡಿನ ಅಂಗಡಿಯಲ್ಲಿ ಅರವತ್ತು ವರ್ಷಕ್ಕೂ ಮೇಲೆ ಕುಳಿತವಳು. ಆ ಕಾಲದವರು ನಿಂತು ಬಾಡು ಕಡಿಯುತ್ತಿರಲಿಲ್ಲ. ನೆಲದ ಮೇಲೆ ಕೂತು, ಕತ್ತಿಯ ಹಿಡಿಯನ್ನು ಕಾಲ್ಬೆರಳುಗಳ ನಡುವೆ ಸಿಕ್ಕಿಸಿ, ಅಲಗನ್ನು ನೆಟ್ಟಗೆ ನಿಲ್ಲಿಸಿಕೊಂಡು, ಎರಡೂ ಕೈಯಿಂದ ಬಾಡನ್ನು ಅದಕ್ಕೆ ಒತ್ತಿ ಎಳೆಯುತ್ತಿದ್ದರು. ಬೆರಳು ಅಗಲವಾಗದೆ ಇನ್ನೇನಾದೀತು?

ಅಂಗಡಿಯಲ್ಲಿ ತಕ್ಕಡಿ ಇರಲಿಲ್ಲ. ಆಡು ಕೊಯ್ದ ಮೇಲೆ ತೇಗದ ಎಲೆಗಳನ್ನು ಸಾಲಾಗಿ ಹಾಸಿ, ಒಂದೊಂದು ಎಲೆಗೂ ಎಲುಬು, ಮೆತ್ತನೆ ಬಾಡು, ಕೊಬ್ಬು, ಒಂದು ತುಂಡು ಈರಲು, ಅಂದರೆ ಈಗಿನವರ ಲಿವರ್, ಎಲ್ಲವನ್ನೂ ಕಣ್ಣಳತೆಯಲ್ಲೇ ಸಮವಾಗಿ ಹಂಚಿ ಗುಡ್ಡೆ ಹಾಕುತ್ತಿದ್ದರು. ಗುಡ್ಡೆ ಹಾಕಿದವರು ಕಟ್ಟಕಡೆಯ ಗುಡ್ಡೆಯನ್ನೇ ತೆಗೆದುಕೊಳ್ಳಬೇಕು. ಅದು ಕಟ್ಟಳೆ. ತನ್ನ ಪಾಲಿಗೆ ಯಾವುದು ಉಳಿಯುತ್ತದೋ ಗೊತ್ತಿಲ್ಲದವರು ಮೋಸ ಮಾಡುವುದಾದರೂ ಹೇಗೆ? ಮುತ್ತವ್ವ ಆ ಕೊನೆಯ ಗುಡ್ಡೆಯ ಈರಲನ್ನು ಒಂದು ದಿನವೂ ತಾನು ತಿಂದವಳಲ್ಲ. ಬೀದಿಯಲ್ಲಿ ಯಾರು ಬಾಣಂತಿಯೋ ಅವರ ಮನೆಗೆ ಅದು ಹೋಗುತ್ತಿತ್ತು.

ಹುಡುಗಿಯರಿಗೆಲ್ಲ ಕತ್ತಿ ಕಲಿಸಿದವಳು ಅವಳೇ. ನಾನು ಕೈ ಕೊಯ್ದುಕೊಂಡರೆ ಅರಿಸಿನ ಮೆತ್ತಿ, "ರಕ್ತ ನಿಂತ್ತಾ? ಹಂಗಾದ್ರೆ ಕೂತ್ಕೊ" ಅನ್ನುವಳು. ಗೆಳತಿಯ ಮನೆಗೆಂದು ನಾನು ಒಂದು ತುಂಡು ಹೆಚ್ಚು ಹಾಕಿದರೆ ತಲೆಯ ಮೇಲೆ ಮೊಟಕುವಳು. ಹುಡುಗಿಯರನ್ನು ಅವಳು ಕರೆಯುತ್ತಿದ್ದುದೇ ಪುಳ್ಳೆ ಎಂದು. "ಕಣ್ಣು ಗುಡ್ಡೆ ಮ್ಯಾಲಿರಲಿ ಪುಳ್ಳೆ. ಯಾರ ಮನೆಗೆ ಹೋಯ್ತದೆ ಅನ್ನೋದು ಎಲೆಗೆ ಗೊತ್ತಾಗಬಾರ್ದು."

ಈ ಅಂಗಡಿ ಅವಳ ಕೈಗೆ ಬಂದದ್ದು ನೂರಮೂವತ್ತು ವರ್ಷದ ಹಿಂದಿನ ಕತೆ. ಅವಳು ಅದನ್ನು ಎಷ್ಟು ಸಲ ಹೇಳಿದರೂ ನಮಗೆ ಸಾಲುತ್ತಿರಲಿಲ್ಲ, ಅವಳಿಗೂ ಸಾಲುತ್ತಿರಲಿಲ್ಲ.

ಆಗ ಅವಳಿಗೆ ಹದಿನೇಳು. ಬೆಟ್ಟದ ಮೇಲೆ ಪೆರಿಯಾರ್ ಅಣೆ ಕಟ್ಟುತ್ತಿದ್ದರು. ಅಂಗಡಿ ಅವಳ ಮಾವನದು. ಮಾವನಿಗೆ ಒಬ್ಬನೇ ಮಗ, ಅವನೇ ನನ್ನ ಮುತ್ತಜ್ಜ. ಅವನೋ ರಕ್ತ ಕಂಡರೆ ತಲೆ ತಿರುಗಿ ಬೀಳುವವನು. ಬಾಡಿನ ಅಂಗಡಿಯ ಮನೆಯಲ್ಲಿ ಹುಟ್ಟಿದವನಿಗೆ ಬರಬಾರದ ಕಾಯಿಲೆ! ಅಣೆಯ ಕೆಲಸಕ್ಕೆ ಸುಣ್ಣಕಲ್ಲಿನ ಗಾಡಿ ಹೊಡೆಯುತ್ತ ದಾರಿಯಲ್ಲೇ ಇರುತ್ತಿದ್ದ. ಅಷ್ಟರಲ್ಲಿ ಮಾವನ ಎರಡೂ ಕಣ್ಣಿಗೆ ಪೊರೆ ಬಂತು. ಕೊಯ್ಯುವುದು, ಸುಲಿಯುವುದು ಕೈಯ ರೂಢಿಯಲ್ಲೇ ನಡೆಯಿತು. ಗುಡ್ಡೆ ಹಾಕುವುದಕ್ಕೆ ಮಾತ್ರ ಕಣ್ಣೇ ಬೇಕು.

ಒಂದು ಬೆಳಿಗ್ಗೆ ಸೊಸೆ ನೀರು ತಂದಿಟ್ಟು, "ಮಾವ, ಈ ಎಲೇಲಿ ಬರೀ ಎಲುಬೇ ಐತೆ" ಎಂದಳು.

ಮಾವ ಆ ಎಲೆಯ ಮೇಲೆ ಕೈಯಾಡಿಸಿ, "ನೋಡಿದ್ರೆ ನಿಂಗೆ ಗೊತ್ತಾಯ್ತದಾ?" ಎಂದ.

"ಆಯ್ತದೆ."

"ಹಂಗಾದ್ರೆ ತಟ್ಟಿ ಹಿಂದೆ ಕೂತ್ಕೊ. ಬಾಯಿ ಮಾತ್ರ ಬಿಡಬ್ಯಾಡ."

ಹೆಂಗಸರು ಅಂಗಡಿಯಲ್ಲಿ ಕತ್ತಿ ಹಿಡಿದು ಕೂರುವ ಪದ್ಧತಿ ಅಂದು ಇರಲಿಲ್ಲ. ಎರಡು ವರ್ಷ ತೆಂಗಿನ ಗರಿಯ ತಟ್ಟಿಯ ಹಿಂದೆ ಅವಳು ಗುಡ್ಡೆ ಹಾಕಿ ಎಲೆಗಳನ್ನು ಮುಂದಕ್ಕೆ ತಳ್ಳಿದಳು, ಮಾವ ಬಂದವರಿಗೆ ಎತ್ತಿ ಕೊಟ್ಟ. ಊರಿಗೆ ಗೊತ್ತಾಗಲಿಲ್ಲ. ಮಾವನ ತಮ್ಮನಿಗೆ ಮಾತ್ರ ಗುಮಾನಿ. ಅಣ್ಣನ ನಂತರ ಅಂಗಡಿ ತನಗೇ ಎಂದು ಕಾದು ಕುಳಿತವನು ಅವನು.

ಅಣೆ ಮುಗಿದು ಬೆಟ್ಟದಿಂದ ಮೊದಲ ಸಲ ನೀರು ಇಳಿಯಿತು. ಊರಿಗೆ ಊರೇ ಕುಣಿಯಿತು. ಆಡುಗಳನ್ನು ಬಲಿ ಕೊಟ್ಟು, ಹುಣಸೆಮರದ ಕೆಳಗೆ ಕನ್ನಡ ಮಾತಾಡುವ ನಮ್ಮವರ ಎಂಬತ್ತೆರಡು ಮನೆಗೂ ಪಾಲು ಹಂಚಬೇಕು ಎಂದಾಯಿತು. ಬಯಲಲ್ಲಿ ತಟ್ಟಿ ಎಲ್ಲಿಂದ ಬರಬೇಕು? ಮಾವ ಎಲೆಗಳ ಮುಂದೆ ಕೂತ. ಬಾಡಿನ ರಾಶಿಯ ಮೇಲೆ ಇಟ್ಟ ಕೈ ಅಲ್ಲೇ ಉಳಿಯಿತು.

ಚಿಕ್ಕಮಾವ ಎದ್ದು ನಿಂತ. "ಗೌಡರೇ, ಅಣ್ಣಂಗೆ ಕಣ್ಣು ಕಾಣಾಕಿಲ್ಲ! ಎರಡು ವರ್ಷದಿಂದ ಈ ಹೆಣ್ಣು ಹಾಕಿದ ಗುಡ್ಡೇನ ಊರೆಲ್ಲ ಉಣ್ತಾ ಐತೆ. ಅಂಗಡಿ ನಂಗೆ ಕೊಡಿಸಿ."

ಗದ್ದಲವೋ ಗದ್ದಲ. ಅದರ ನಡುವೆ ಹೆಂಗಸರ ಗುಂಪಿನಿಂದ ಹುಡುಗಿ ಎದ್ದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾವನ ಕಾಲಿಂದ ಕತ್ತಿ ತೆಗೆದು ತನ್ನ ಕಾಲಿಗೆ ಸಿಕ್ಕಿಸಿಕೊಂಡಳು.

ಊರಗೌಡ ಮುದುಕ. ಅವನಿಗೆ ಹಸಿವು ಬೇರೆ. "ಹಾಕಲಿ ಬಿಡ್ರೋ. ಗುಡ್ಡೆ ಸಮ ಇದ್ರೆ ಅಂಗಡಿ ಅವಳ್ದು. ಒಂದೇ ಒಂದು ಹೆಚ್ಚುಕಮ್ಮಿ ಇದ್ರೂ ನಿಂದು. ಆಯ್ತಾ?"

"ಆಯ್ತು" ಎಂದ ಚಿಕ್ಕಮಾವ.

ಎಂಬತ್ತೆರಡು ಗುಡ್ಡೆ ಹಾಕಿ ಮುಗಿಸುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಮುತ್ತವ್ವ ಕೈ ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಚಿಕ್ಕಮಾವ, ನೀವೇ ಮೊದ್ಲು ತಕ್ಕಳ್ಳಿ. ಯಾವುದು ದೊಡ್ಡದು ಅಂತ ಕಾಣ್ತದೋ ಅದನ್ನ ಎತ್ತಿ ಗೌಡರಿಗೆ ತೋರ್ಸಿ."

ಅವನು ಮೀಸೆ ಸವರಿಕೊಂಡು ಸಾಲಿಗೆ ಇಳಿದ. ಒಂದು ಎಲೆ ಎತ್ತಿದ. ಪಕ್ಕದ್ದರಲ್ಲಿ ಈರಲು ದಪ್ಪ ಕಂಡಿತು, ಇದನ್ನು ಇಟ್ಟು ಅದನ್ನು ಎತ್ತಿದ. ಅದರಾಚೆಯದರಲ್ಲಿ ಕೊಬ್ಬು ಹೊಳೆಯಿತು, ಅದನ್ನೂ ಇಟ್ಟ. ಒಂದು ಸುತ್ತು ಬಂದ. ಎರಡು ಸುತ್ತು ಬಂದ. ಮೊದಲು ಎತ್ತಿದ್ದೇ ದೊಡ್ಡದಿತ್ತೇನೋ ಎಂದು ಹುಡುಕಿದರೆ ಅದು ಯಾವುದೆಂದೇ ಮರೆತುಹೋಗಿತ್ತು.

"ಸಿಕ್ತೇನೋ?" ಎಂದ ಗೌಡ.

"ಇರಿ ಗೌಡರೇ, ನೋಡ್ತಾ ಇವ್ನಿ."

ಮೂರನೆಯ ಸುತ್ತಿಗೆ ಹೆಂಗಸರು ನಗತೊಡಗಿದರು. ನಾಲ್ಕನೆಯದಕ್ಕೆ ಗಂಡಸರು. ಐದನೆಯ ಸುತ್ತಿಗೆ ಗೌಡನ ತಾಳ್ಮೆ ಮುಗಿಯಿತು. ಸಿಟ್ಟು ಬಂದರೆ ನಮ್ಮವರ ಬಾಯಿಗೆ ತಮಿಳೇ ಬರುವುದು. "ಪೋದುಂಡಾ!" ಎಂದು ಗುಡುಗಿದ. ಸಾಕು ಮಾಡೋ ಎಂದು. "ಕಣ್ಣಿರೋ ನಿಂಗೇ ಕಾಣ್ಲಿಲ್ಲ, ಅಣ್ಣಂಗೆ ಕಾಣಾಕಿಲ್ಲ ಅಂತ ದೂರು ಬೇರೆ! ಕೈಗೆ ಸಿಕ್ಕಿದ್ದು ಎತ್ಕೊಂಡು ನಡಿ. ಅಂಗಡಿ ಆ ಹೆಣ್ಣಿಂದು."

ಇಷ್ಟು ಹೇಳಿ ಮುತ್ತವ್ವ ಹೊಟ್ಟೆ ಹಿಡಿದುಕೊಂಡು ನಗುವಳು. "ಯಾವುದೋ ಒಂದನ್ನ ತೋರ್ಸಿ ಇದೇ ದೊಡ್ಡದು ಅಂದಿದ್ರೆ ಅವತ್ತು ನಾನು ಕೆಡ್ತಿದ್ದೆ. ತಕ್ಕಡಿ ಎಲ್ಲಿತ್ತು? ಆದ್ರೆ ಆಸೆಬುರುಕ, ನಿಜವಾಗ್ಲೂ ಹುಡುಕಿಬಿಟ್ಟ ಕಣೇ!"

ಮರುದಿನ ಬೆಳಿಗ್ಗೆ ಮಾವ ತಡವಿಕೊಂಡು ಬಂದು, ಆ ತಟ್ಟಿಯನ್ನು ತಾನೇ ಕಿತ್ತು ಬಚ್ಚಲ ಒಲೆಗೆ ಹಾಕಿದ. ಸೊಸೆ ಬೀದಿಗೆ ಎದುರಾಗಿ ಕೂತಳು. ಮುಂದೆ ಅವಳ ಮಗಳು, ಸೊಸೆ, ಮೊಮ್ಮಗಳು ಎಲ್ಲರೂ ಅಲ್ಲೇ ಕೂತು ಕಲಿತರು.

ಮುತ್ತವ್ವ ಹೋದಾಗ ನನಗೆ ಹದಿನೆಂಟು. ಬೆಳಗಿನ ಗುಡ್ಡೆ ಹಾಕಿ, ಕತ್ತಿ ತೊಳೆದಿಟ್ಟು, ತಣ್ಣನೆ ಗಂಜಿ ಕುಡಿದು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಹದಿನಾರನೆಯ ದಿನದ ಊಟವಾದ ಮೇಲೆ ಊರ ಹಿರಿಯರು ನಮ್ಮ ಜಗುಲಿಯಲ್ಲಿ ಕೂತರು. ಅಪ್ಪ, ಚಿಕ್ಕಪ್ಪಂದಿರು ಕೈಕಟ್ಟಿ ಮುಂದೆಯೇ ನಿಂತಿದ್ದರು. ಹಿರಿಯರು ಅವರನ್ನು ಏನೂ ಕೇಳಲಿಲ್ಲ. ಕತ್ತು ಬಗ್ಗಿಸಿ ಅಡುಗೆಮನೆಯ ಕಡೆ ನೋಡಿ ಕೂಗಿದರು: "ನಾಳೆಯಿಂದ ಅಂಗಡೀಲಿ ಕೂರೋರು ನಿಮ್ಮಲ್ಲಿ ಯಾರ್ರಮ್ಮಾ?"

ಒಳಗಿನಿಂದ ಒಟ್ಟಿಗೆ ನಾಲ್ಕು ದನಿ ಬಂದವು. ನನ್ನದು ಎಲ್ಲಕ್ಕಿಂತ ಜೋರಾಗಿತ್ತು.