ಸುಲ್ತಾನನ ಅಳಿಯ

ಮೊನ್ನೆ ಮೂಡುಬಿದಿರೆಯ ಮದುವೆ ಹಾಲ್‌ನಲ್ಲಿ ಯಾರೋ ನನ್ನ ಕೈಗೆ ಅತ್ತರು ಸವರಿದರು. ಊಟಕ್ಕೆ ಕೂತರೂ ಅದೇ ಪರಿಮಳ. ನೀವಾದರೆ ಎದ್ದು ಕೈ ತೊಳೆದು ಬರುತ್ತಿದ್ದಿರಿ. ನಾನು ತೀರಿಹೋದ ಸೋದರಮಾವನನ್ನು ನೆನೆಯುತ್ತ ಕೂತೆ.

ಮಾವ ಬಂಟ್ವಾಳದಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಆಮೇಲೆ ತುರ್ಕಿಯ ಹಳೆಗಾಲದ ಒಬ್ಬ ಸುಲ್ತಾನನ ಸಂಸಾರದ ಬಗ್ಗೆ ಕಾದಂಬರಿ ಬರೆಯಲು ಹಿಡಿದರು. ಶಿರಾಡಿ ಘಾಟಿ ಹತ್ತಿದರೆ ವಾಂತಿ ಮಾಡುವ ಮನುಷ್ಯ ತುರ್ಕಿಗೆ ಹೋಗುವುದುಂಟೇ? ವಾತಾವರಣಕ್ಕೆಂದು ಅತ್ತರು ಹಚ್ಚಿಕೊಂಡು ಬರೆಯುತ್ತಿದ್ದರು, ಅಷ್ಟೆ. ನಾನು ಪ್ರತಿ ಭಾನುವಾರ ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಹೋಗಿ, ಅವರು ಬರೆದಷ್ಟನ್ನು ಓದಿದರೆ ಕೇಳುತ್ತಿದ್ದೆ. ಅಪ್ಪನಿಲ್ಲದ ನನ್ನನ್ನು ಓದಿಸಿದವರು ಅವರು. ಕೇಳದೆ ಎಲ್ಲಿಗೆ ಹೋಗಲಿ!

ಕಾದಂಬರಿಯ ಅರಮನೆಯ ಅಂಗಳಕ್ಕೂ ಬಂಟ್ವಾಳದ ಹಾಗೆಯೇ ಆಟಿ ತಿಂಗಳ ಮಳೆಗೆ ನೆರೆ ನುಗ್ಗುತ್ತಿತ್ತು. ಶತ್ರುಗಳು ಗಡಿ ದಾಟಿದಾಗ ಬೇಗಂ ಅಡುಗೆಮನೆಯಿಂದ ಕೂಗುತ್ತಾಳೆ: "ಸಾಮ್ರಾಜ್ಯ ಆಮೇಲೆ ನೋಡುವ, ಮೊದಲು ಮಿಂದು ಬನ್ನಿ. ನೀರು ತಣ್ಣಗಾಗ್ತದೆ."

ಅತ್ತೆ ಬಾಗಿಲಲ್ಲಿ ಇಣುಕಿದರು. "ಅದು ಬೆಳಿಗ್ಗೆ ನಾನು ಹೇಳಿದ್ದಲ್ವಾ ಮಾರಾಯ್ರೆ?"

"ಸುಲ್ತಾನನ ಹೆಂಡತಿಯೂ ಹೆಂಡತಿಯೇ" ಎಂದು ಮಾವ ಮುಂದೆ ಓದಿದರು.

ಕೊನೆಯ ಅಧ್ಯಾಯದಲ್ಲಿ, ಸಾಯಲು ಮಲಗಿದ ಸುಲ್ತಾನ ಮಗನನ್ನು ಹೊರಗೆ ಕಳಿಸಿ ತಂಗಿಯ ಮಗನಿಗೆ ಪಟ್ಟ ಕೊಡುತ್ತಾನೆ. ನನಗೆ ನಗು ತಡೆಯಲಾಗಲಿಲ್ಲ.

"ಮಾವ, ಮಾವನ ಆಸ್ತಿ ಸೋದರಳಿಯನಿಗೆ ಹೋಗುವ ನಮ್ಮ ಹಿರಿಯರ ಅಳಿಯಸಂತಾನ ಅಲ್ಲಿ ಇಲ್ಲ. ಅಳಿಯನಿಗೆ ಪಟ್ಟ ಹೋಗುವುದಿಲ್ಲ."

ಮಾವ ಪೆನ್ನಿಗೆ ಮುಚ್ಚಳ ಹಾಕಿದರು. "ಹೌದಾ? ಹಾಗಾದ್ರೆ ಅಳಿಯನಿಗೆ ಏನುಂಟು?"

"ಏನೂ ಇಲ್ಲ."

"ಇಲ್ಲಿಯೂ ಈಗ ಏನೂ ಇಲ್ಲ" ಎಂದರು.

ಮುಂದಿನ ವಾರ ಸುಲ್ತಾನನ ಮಗ ಸಿಂಹಾಸನದಲ್ಲಿದ್ದ. ಚರಿತ್ರೆಯನ್ನು ಕಾಪಾಡಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮಾವ ಹೋದರು, ಈಗಿನ ರೀತಿಯಂತೆ ಮನೆ ಅವರ ಮಗನಿಗೆ ಬಂತು, ಬರಬೇಕಾದದ್ದೇ. ನನಗೆಂದು ಅವರು ಇಟ್ಟಿದ್ದದ್ದು ಒಂದು ಸಿಂಹಾಸನ, ಅದನ್ನೂ ನಾನೇ ತಪ್ಪೆಂದೆ ಎಂದು ಹೊಳೆದಾಗ ತಡವಾಗಿತ್ತು. ಇಷ್ಟು ಓದಿಸಿಯೂ ಮಾವನಿಗೆ ಸಿಕ್ಕಿದ್ದು ಇಂಥ ದಡ್ಡ ಅಳಿಯ.

ಮದುವೆಯೂಟದಲ್ಲಿ ಪಕ್ಕದ ಎಲೆಗೆ ಕೂತವನು ಮಾವನ ಆ ಮಗನೇ.

"ಅಪ್ಪನ ಕಾದಂಬರಿ ಪ್ರಿಂಟ್ ಮಾಡಿಸ್ತೇನೆ ಭಾವ" ಎಂದು ಮೊಬೈಲಿನಲ್ಲಿ ಕೊನೆಯ ಹಾಳೆಯ ಫೋಟೋ ತೋರಿಸಿದ. ಅಲ್ಲಿ 'ಅಳಿಯ' ಎಂಬುದನ್ನು ಹೊಡೆದು 'ಮಗ' ಎಂದು ಬರೆದಿತ್ತು. "ಅಪ್ಪ ಮೊದಲು ಬರೆದದ್ದೇ ಇರಲಿ. ಮನೆ ನನಗೆ ಬಂತಲ್ಲ, ತುರ್ಕಿ ನಿಮಗಿರಲಿ."

ನಾನು ಈ ಸಲ ತಿದ್ದಲು ಹೋಗಲಿಲ್ಲ.